ವಿಳಾಸವಿಲ್ಲದ ಕರಪತ್ರ

ಚುನಾವಣೆಯ ದಿನಗಳಲ್ಲಿ ಮನೆಬಾಗಿಲಿಗೆ ಬಂದು ಬೀಳುವ ಕರಪತ್ರಗಳ ಬುಡದಲ್ಲಿ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಇರುತ್ತದೆ. ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಪ್ರತಿಗಳು ಇಂತಿಷ್ಟು. ಅಭ್ಯರ್ಥಿಯ ನಗುಮುಖವನ್ನೂ ಭರವಸೆಗಳ ಪಟ್ಟಿಯನ್ನೂ ಓದುವವರು ಆ ಸಾಲನ್ನು ಓದುವುದಿಲ್ಲ. ಸಾಮಾನ್ಯ ಮತದಾರನಿಗೆ ಅದರ ಅಗತ್ಯವೂ ಇಲ್ಲ. ಆದರೆ ಆ ಸಾಲು ಮುದ್ರಣಾಲಯದವರು ತಮ್ಮ ಹೆಸರಿನ ಮೋಹದಿಂದ ಹಾಕಿಕೊಂಡದ್ದಲ್ಲ, ಕಾನೂನು ಹಾಕಿಸಿದ್ದು.

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 1961ರಲ್ಲಿ 127ಎ ಎಂಬ ಕಲಮನ್ನು ಸೇರಿಸಲಾಯಿತು. ಚುನಾವಣೆಗೆ ಸಂಬಂಧಿಸಿದ ಯಾವುದೇ ಕರಪತ್ರ ಅಥವಾ ಭಿತ್ತಿಪತ್ರದ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕನು ತಾನು ಯಾರೆಂಬುದನ್ನು ಘೋಷಿಸಿ ಸಹಿ ಮಾಡಬೇಕು. ಅವನನ್ನು ವೈಯಕ್ತಿಕವಾಗಿ ಬಲ್ಲ ಇಬ್ಬರು ಅದನ್ನು ದೃಢೀಕರಿಸಬೇಕು. ಮುದ್ರಕನು ಆ ಘೋಷಣೆಯನ್ನು ಕರಪತ್ರದ ಒಂದು ಪ್ರತಿಯೊಂದಿಗೆ ರಾಜಧಾನಿಯಲ್ಲಾದರೆ ಮುಖ್ಯ ಚುನಾವಣಾಧಿಕಾರಿಗೆ, ಬೇರೆಡೆಯಾದರೆ ಜಿಲ್ಲಾ ದಂಡಾಧಿಕಾರಿಗೆ ಕಳುಹಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈ ಕಲಮಿನಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ವಿವರಣೆಯಿದೆ. ಕೈಯಿಂದ ನಕಲು ಮಾಡುವುದನ್ನು ಬಿಟ್ಟು, ದಾಖಲೆಯೊಂದರ ಪ್ರತಿಗಳನ್ನು ಹೆಚ್ಚಿಸುವ ಯಾವುದೇ ವಿಧಾನವನ್ನೂ ಮುದ್ರಣವೆಂದೇ ಪರಿಗಣಿಸಬೇಕು ಎಂದು ಅದು ಹೇಳುತ್ತದೆ. ಕಲ್ಲಚ್ಚು, ಸೈಕ್ಲೋಸ್ಟೈಲ್ ಯಂತ್ರಗಳ ಕಾಲದಲ್ಲಿ ಬರೆದ ಮಾತು ಅದು. ಬರೆದವರ ಕಣ್ಣಮುಂದೆ ಇದ್ದದ್ದು ರಾತ್ರೋರಾತ್ರಿ ಅಚ್ಚಾಗಿ ಬೆಳಗಿನ ಹೊತ್ತಿಗೆ ಊರೆಲ್ಲ ಹರಡುವ ಅನಾಮಧೇಯ ಕರಪತ್ರ. ಎದುರಾಳಿಗೆ ಉತ್ತರಿಸಲು ಸಮಯವೇ ಸಿಗದಂತೆ ಮತದಾನದ ಮುನ್ನಾದಿನ ಹೊರಬರುವ ನಿಂದನೆಯ ಹಾಳೆ. ಅರವತ್ತು ವರ್ಷಗಳ ನಂತರ ಆ ಹಾಳೆ ಕಾಗದವನ್ನು ತೊರೆದು ದೂರವಾಣಿಯ ಪರದೆಗೆ ಬಂದಿದೆ. ಬುಡದ ಸಾಲು ಮಾತ್ರ ಅದರೊಂದಿಗೆ ಬಂದಿಲ್ಲ.

ಅಂತರ್ಜಾಲವು ಚುನಾವಣಾ ಪ್ರಚಾರವನ್ನು ಬದಲಿಸಿದೆ ಎನ್ನುವಾಗ ನಾವು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹೇಳುತ್ತೇವೆ: ಅದರ ವೇಗ ಮತ್ತು ವ್ಯಾಪ್ತಿ. ಎರಡೂ ನಿಜ. ಆದರೆ ವೇಗವನ್ನು ಆಕಾಶವಾಣಿಯೂ ತಂದಿತ್ತು, ವ್ಯಾಪ್ತಿಯನ್ನು ದೂರದರ್ಶನವೂ ತಂದಿತ್ತು. ಅವುಗಳಿಂದ ರಾಜಕೀಯದ ಶೈಲಿ ಬದಲಾಯಿತೇ ಹೊರತು ವಾದ-ಪ್ರತಿವಾದದ ಮೂಲ ನಿಯಮ ಬದಲಾಗಲಿಲ್ಲ. ಒಬ್ಬ ಮಾತನಾಡುತ್ತಾನೆ, ಅವನು ಯಾರೆಂದು ಎಲ್ಲರಿಗೂ ಗೊತ್ತು, ಎದುರಾಳಿ ಅದನ್ನು ಕೇಳಿಸಿಕೊಂಡು ಉತ್ತರಿಸುತ್ತಾನೆ, ಮತದಾರ ಎರಡನ್ನೂ ತೂಗಿ ನೋಡುತ್ತಾನೆ. ಈಗ ಸಡಿಲಗೊಂಡಿರುವುದು ಈ ನಿಯಮ. ಮಾತಿಗೆ ಯಜಮಾನನಿಲ್ಲ, ಮಾತು ಯಾರ ಕಿವಿಗೆ ಬಿತ್ತು ಎಂಬುದು ಎದುರಾಳಿಗೆ ತಿಳಿಯದು, ಪತ್ರಕರ್ತನಿಗಂತೂ ಅದು ಕಾಣಿಸುವುದೇ ಇಲ್ಲ.

ಆರಂಭದಲ್ಲಿ ಹೀಗಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಬೇಕು. ಅಂತರ್ಜಾಲ ರಾಜಕೀಯದ ಮೊದಲ ದೊಡ್ಡ ಪ್ರಯೋಗಗಳು ನಡೆದ ಅಮೆರಿಕದಲ್ಲಿ ಅದು ಬಾಗಿಲು ತೆರೆಯುವ ಶಕ್ತಿಯಾಗಿ ಕಂಡಿತ್ತು. ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಮಾಜಿ ಗವರ್ನರ್ ಹೊವಾರ್ಡ್ ಡೀನ್ 2003ರ ಮೂರನೆಯ ತ್ರೈಮಾಸಿಕದಲ್ಲಿ 1.48 ಕೋಟಿ ಡಾಲರ್ ಸಂಗ್ರಹಿಸಿ ತಮ್ಮ ಪಕ್ಷದ ಹಳೆಯ ದಾಖಲೆಗಳನ್ನು ಮುರಿದರು. ಅದರಲ್ಲಿ ದೊಡ್ಡ ಪಾಲು ಸಾಮಾನ್ಯ ಜನ ಅಂತರ್ಜಾಲದ ಮೂಲಕ ಕಳುಹಿಸಿದ ಸಣ್ಣ ಮೊತ್ತಗಳು. 2004ರ ಜನವರಿಯಲ್ಲಿ ಅಯೋವಾದಲ್ಲಿ ಅವರು ಮೂರನೆಯ ಸ್ಥಾನಕ್ಕೆ ಕುಸಿದಾಗ, ಇದು ಬರೀ ನೊರೆ ಎಂದವರೂ ಇದ್ದರು. ನಾಲ್ಕು ವರ್ಷಗಳ ನಂತರ ಬರಾಕ್ ಒಬಾಮ ಸಂಗ್ರಹಿಸಿದ ಸುಮಾರು 75 ಕೋಟಿ ಡಾಲರುಗಳಲ್ಲಿ ಮೂರನೇ ಎರಡರಷ್ಟು ಅಂತರ್ಜಾಲದ ಮೂಲಕ ಬಂದಾಗ ಆ ಮಾತು ನಿಂತಿತು.

ಹಣಕ್ಕಿಂತ ಮುಖ್ಯವಾದ ಇನ್ನೊಂದು ಪ್ರಸಂಗ 2006ರದು. ವರ್ಜೀನಿಯಾದ ಸೆನೆಟರ್ ಜಾರ್ಜ್ ಅಲೆನ್ ಊರೊಂದರ ಸಣ್ಣ ಸಭೆಯಲ್ಲಿ, ಎದುರಾಳಿ ಪಾಳೆಯದ ಪರವಾಗಿ ಕ್ಯಾಮೆರಾ ಹಿಡಿದು ನಿಂತಿದ್ದ ಭಾರತೀಯ ಮೂಲದ ಯುವಕನನ್ನು ‘ಮಕಾಕಾ’ ಎಂದು ಹೀಯಾಳಿಸಿದರು. ಅದು ಕೋತಿಯ ಒಂದು ಜಾತಿಯ ಹೆಸರನ್ನು ಹೋಲುವ ಪದ. ಹಿಂದಿನ ಕಾಲವಾಗಿದ್ದರೆ ಆ ಮಾತು ಆ ಸಭೆಯಲ್ಲೇ ಸತ್ತುಹೋಗುತ್ತಿತ್ತು. ಆಗಿನ್ನೂ ಎಳೆಯದಾಗಿದ್ದ ಯೂಟ್ಯೂಬ್ ಅದನ್ನು ದೇಶಕ್ಕೆಲ್ಲ ತೋರಿಸಿತು. ಅಲೆನ್ 10 ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು; ಅವರೊಂದಿಗೆ ಅವರ ಪಕ್ಷ ಸೆನೆಟ್‌ನ ಬಹುಮತವನ್ನೂ ಕಳೆದುಕೊಂಡಿತು. ಒಂದು ಊರಿನಲ್ಲಿ ಒಂದು, ಮತ್ತೊಂದು ಊರಿನಲ್ಲಿ ಮತ್ತೊಂದು ಮಾತಾಡುವ ರಾಜಕಾರಣಿಯ ಕಾಲ ಮುಗಿಯಿತೆಂದು ಅಂದು ಹಲವರು ಭಾವಿಸಿದರು. ಭಾವಿಸಿದ್ದರಲ್ಲಿ ತಪ್ಪೇನಿರಲಿಲ್ಲ. ಎಲ್ಲರೂ ನೋಡಬಲ್ಲ ಅಂತರ್ಜಾಲ ಅದು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. 2016ರ ಜೂನ್‌ನಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟ ತೊರೆಯುವ ಬಗ್ಗೆ ಜನಮತಗಣನೆ ನಡೆಸಿತು. ತೊರೆಯಬೇಕೆಂದು ವಾದಿಸಿದ ಅಧಿಕೃತ ಸಂಘಟನೆಯು ಫೇಸ್‌ಬುಕ್‌ನಲ್ಲಿ ಹಾಕಿದ್ದ ಜಾಹೀರಾತುಗಳು ಸಾರ್ವಜನಿಕರಿಗೆ ಒಟ್ಟಾಗಿ ನೋಡಸಿಕ್ಕಿದ್ದು 2018ರ ಜುಲೈನಲ್ಲಿ, ಅದೂ ಸಂಸದೀಯ ಸಮಿತಿಯೊಂದರ ಒತ್ತಾಯದ ನಂತರ. ಪ್ರಾಣಿಪ್ರಿಯರಿಗೆಂದು ಗೂಳಿಕಾಳಗದ ಚಿತ್ರ, ಇನ್ನೊಂದು ಬಗೆಯ ಜನರಿಗೆ ವಲಸೆಯ ಭಯ. ಒಬ್ಬರಿಗೆ ತೋರಿಸಿದ್ದು ಪಕ್ಕದ ಮನೆಯವರಿಗೂ ತಿಳಿಯದಂತೆ ಪ್ರಚಾರ ನಡೆದುಹೋಗಿತ್ತು. ದೇಶದ ಭವಿಷ್ಯವನ್ನು ನಿರ್ಧರಿಸಿದ ವಾದದ ಒಂದು ಭಾಗವನ್ನು ದೇಶ ಎರಡು ವರ್ಷ ತಡವಾಗಿ ಓದಿತು. ಅಲೆನ್ ಪ್ರಸಂಗದಲ್ಲಿ ರಾಜಕಾರಣಿಯ ಎರಡು ನಾಲಗೆಯನ್ನು ಹಿಡಿದುಕೊಟ್ಟ ತಂತ್ರಜ್ಞಾನವೇ ಈಗ ಅವನಿಗೆ ಸಾವಿರ ನಾಲಗೆ ಕೊಟ್ಟಿತ್ತು.

ನಮ್ಮಲ್ಲಿ ಈ ಕಥೆ ಬೇರೊಂದು ದಾರಿ ಹಿಡಿಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ವಾಜಪೇಯಿ ಅವರ ಮುದ್ರಿತ ಧ್ವನಿ ಲಕ್ಷಾಂತರ ಜನರ ದೂರವಾಣಿಗೆ ಕರೆ ಮಾಡಿ ನಮಸ್ಕಾರ ಹೇಳಿದ್ದು ಆಗಿನವರಿಗೆ ನೆನಪಿರಬಹುದು. ‘ಭಾರತ ಪ್ರಕಾಶಿಸುತ್ತಿದೆ’ ಎಂಬ ಘೋಷಣೆಯ ಜೊತೆಗೆ ಆ ತಂತ್ರವೂ ಸೋತಿತು. ಭಾರತದ ಮತದಾರನಿಗೆ ಇಂಥವೆಲ್ಲ ನಾಟುವುದಿಲ್ಲ ಎಂಬ ತೀರ್ಪು ಪಂಡಿತರಿಂದ ಬಂತು. ಹತ್ತೇ ವರ್ಷಗಳಲ್ಲಿ, 2014ರಲ್ಲಿ, ನರೇಂದ್ರ ಮೋದಿ ಅವರ ಪ್ರಚಾರ ಆ ತೀರ್ಪನ್ನು ಸುಳ್ಳಾಗಿಸಿತು. ಆದರೂ 2014ರ ಪ್ರಚಾರದ ಬಹುಭಾಗ ಬಯಲಿನಲ್ಲಿ, ಎಲ್ಲರ ಕಣ್ಣೆದುರು ನಡೆದದ್ದು. ಮೊಬೈಲ್ ಅಂತರ್ಜಾಲದ ದರ 2016ರ ನಂತರ ಪಾತಾಳಕ್ಕಿಳಿದು ವಾಟ್ಸ್‌ಆ್ಯಪ್ ಹಳ್ಳಿಹಳ್ಳಿಯ ಜೇಬಿಗೆ ಬಂದಾಗ ಪ್ರಚಾರ ಬಯಲನ್ನು ಬಿಟ್ಟು ಒಳಮನೆಗೆ ಹೊಕ್ಕಿತು.

ಅದರ ದೊಡ್ಡ ಪ್ರಯೋಗಶಾಲೆಯಾದದ್ದು ಕರ್ನಾಟಕ. 2018ರ ಮೇ 12ರಂದು ನಡೆದ ವಿಧಾನಸಭಾ ಚುನಾವಣೆಯನ್ನು ವಿದೇಶಿ ಪತ್ರಿಕೆಗಳು ‘ವಾಟ್ಸ್‌ಆ್ಯಪ್ ಚುನಾವಣೆ’ ಎಂದೇ ಕರೆದವು. ಎರಡು ಪ್ರಮುಖ ಪಕ್ಷಗಳು ಕಟ್ಟಿಕೊಂಡಿದ್ದ ಗುಂಪುಗಳ ಸಂಖ್ಯೆ ಹತ್ತಾರು ಸಾವಿರದ ಲೆಕ್ಕದಲ್ಲಿ ವರದಿಯಾಯಿತು. ಮತದಾನಕ್ಕೆ ಕೆಲವೇ ದಿನ ಮೊದಲು, ಬಿಬಿಸಿ ನಡೆಸಿದ ಸಮೀಕ್ಷೆಯ ಪ್ರಕಾರ ಬಿಜೆಪಿಗೆ 135 ಸ್ಥಾನ ಎಂಬ ಸಂದೇಶ ಹರಿದಾಡಿತು. ನಂಬಿಕೆ ಬರಲೆಂದು ಬಿಬಿಸಿ ಜಾಲತಾಣದ ಕೊಂಡಿಯನ್ನೂ ಅಂಟಿಸಲಾಗಿತ್ತು. ತಾನು ಅಂಥ ಸಮೀಕ್ಷೆ ನಡೆಸಿಯೇ ಇಲ್ಲ ಎಂದು ಬಿಬಿಸಿ ಪ್ರಕಟಿಸಬೇಕಾಯಿತು. ಗಮನಿಸಬೇಕಾದ ಅಂಶ ಇದು: ಮಾಧ್ಯಮದ ಮೇಲೆ ನಂಬಿಕೆ ಹೋಗಿದೆ ಎಂದು ದಿನವೂ ಸಾರುವ ಜಾಲದಲ್ಲೇ ಸುಳ್ಳಿಗೆ ಮಾಧ್ಯಮ ಸಂಸ್ಥೆಯೊಂದರ ಹೆಸರು ಬೇಕಾಯಿತು. ಸ್ವಂತ ವಿಳಾಸ ಇಲ್ಲದವರು ಇನ್ನೊಬ್ಬರ ವಿಳಾಸ ಕದಿಯುತ್ತಾರೆ.

ಚುನಾವಣೆ ಮುಗಿದ ಹನ್ನೊಂದನೆಯ ದಿನ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ವದಂತಿಯ ಮೇಲೆ ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಅದೇ ವದಂತಿಗೆ ಬಲಿಯಾದರು. ಇವು ಚುನಾವಣೆಗೆ ಸಂಬಂಧಿಸಿದ ಕೊಲೆಗಳಲ್ಲ. ಆದರೆ ವದಂತಿ ಹರಿದ ಕಾಲುವೆ ಒಂದೇ ಬಗೆಯದು. ಯಾರು ಬಿಟ್ಟ ನೀರೆಂದು ಕೇಳಲಾಗದ ಕಾಲುವೆ. ಆ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂದು ಮಿತಿ ಹೇರಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶಗಳಿಗೆ ಅದನ್ನು ಒಂದಕ್ಕೆ ಇಳಿಸಿತು. ವೇಗ ತಗ್ಗಿತು. ಮೂಲ ಯಾವುದೆಂಬ ಪ್ರಶ್ನೆ ಇದ್ದಲ್ಲೇ ಉಳಿಯಿತು.

ವಿಳಾಸ ಇದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2023ರ ಮೇ ತಿಂಗಳಲ್ಲಿ, ಮತದಾನಕ್ಕೆ ಐದು ದಿನ ಇರುವಾಗ, ಕಾಂಗ್ರೆಸ್ ಪತ್ರಿಕೆಗಳಲ್ಲಿ ಅಂದಿನ ಸರ್ಕಾರದ ‘ಭ್ರಷ್ಟಾಚಾರದ ದರಪಟ್ಟಿ’ ಎಂಬ ಜಾಹೀರಾತು ನೀಡಿತು. ಮರುದಿನವೇ ಚುನಾವಣಾ ಆಯೋಗವು ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಿಗೆ ನೋಟಿಸ್ ನೀಡಿ ಆಧಾರ ಕೇಳಿತು. ಬಿಜೆಪಿ ಮಾನನಷ್ಟ ಮೊಕದ್ದಮೆ ಹೂಡಿತು; 2024ರ ಜೂನ್‌ನಲ್ಲಿ ರಾಹುಲ್ ಗಾಂಧಿ ಬೆಂಗಳೂರಿನ ನ್ಯಾಯಾಲಯಕ್ಕೆ ಹಾಜರಾಗಿ ಜಾಮೀನು ಪಡೆದರು. ಆ ಜಾಹೀರಾತು ಸರಿಯೋ ತಪ್ಪೋ ಎಂಬುದು ಇಲ್ಲಿ ಮುಖ್ಯವಲ್ಲ. ಹೇಳಿದವರು ಯಾರೆಂದು ತಿಳಿದಿತ್ತು, ಹೇಳಿದ್ದೇನೆಂದು ಎಲ್ಲರೂ ಓದಿದ್ದರು, ಆದ್ದರಿಂದ ಕೇಳುವುದು ಸಾಧ್ಯವಾಯಿತು.

ಅದಕ್ಕೂ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಗೋಡೆಗಳ ಮೇಲೆ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಚಿತ್ರವಿದ್ದ ‘ಪೇಸಿಎಂ’ ಭಿತ್ತಿಪತ್ರಗಳು ಕಾಣಿಸಿಕೊಂಡವು. ಮೊಬೈಲ್‌ನಲ್ಲಿ ಅದರ ಚೌಕುಳಿ ಸಂಕೇತವನ್ನು ತೋರಿಸಿದರೆ ಕಾಂಗ್ರೆಸ್‌ನ ಜಾಲತಾಣವೊಂದು ತೆರೆದುಕೊಳ್ಳುತ್ತಿತ್ತು. ಪೊಲೀಸರು ಕಾರ್ಯಕರ್ತರನ್ನು ಬಂಧಿಸಿದ ಮೇಲೆ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸ್ವತಃ ಬೀದಿಗಿಳಿದು ಭಿತ್ತಿಪತ್ರ ಅಂಟಿಸಿದರು. ಅಂದರೆ ಇದು ನಮ್ಮದೇ ಎಂದು ಒಪ್ಪಿಕೊಂಡರು. ಇತ್ತೀಚಿನ ಪ್ರಚಾರಗಳಲ್ಲಿ ಅಷ್ಟು ಪರಿಣಾಮ ಬೀರಿದ್ದು ವಿರಳ. ಅದರ ಶಕ್ತಿ ಕೇವಲ ಅಂತರ್ಜಾಲದ್ದಾಗಿರಲಿಲ್ಲ. ಗೋಡೆ, ಪತ್ರಿಕೆ, ದೂರದರ್ಶನ, ಮೊಬೈಲ್ ಎಲ್ಲವೂ ಸೇರಿದ್ದವು, ಎಲ್ಲವೂ ಬಯಲಿನಲ್ಲಿದ್ದವು. ಹೊಸ ತಂತ್ರಜ್ಞಾನವನ್ನು ಬಳಸಲು ಮುಖ ಮರೆಸಿಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೆ ಮುಖ ತೋರಿಸಿದಾಗಲೂ ಕಾನೂನಿನ ಕಾಲು ನಿಧಾನ. 2024ರ ಮೇ 4ರಂದು ಕರ್ನಾಟಕ ಬಿಜೆಪಿಯ ಅಧಿಕೃತ ಖಾತೆಯಿಂದ ಎಕ್ಸ್ ತಾಣದಲ್ಲಿ ಮೀಸಲಾತಿ ಕುರಿತ ಒಂದು ವ್ಯಂಗ್ಯಚಿತ್ರದ ವಿಡಿಯೊ ಪ್ರಕಟವಾಯಿತು. ಒಂದು ಸಮುದಾಯವನ್ನು ಇತರ ಸಮುದಾಯಗಳ ಅನ್ನ ಕಸಿಯುವ ಮರಿಯಂತೆ ಚಿತ್ರಿಸಿದ ವಿಡಿಯೊ ಅದು. ದೂರು ದಾಖಲಾಯಿತು. ಅದನ್ನು ತೆಗೆದುಹಾಕುವಂತೆ ಚುನಾವಣಾ ಆಯೋಗವು ಎಕ್ಸ್ ಸಂಸ್ಥೆಗೆ ಸೂಚಿಸಿದ್ದು ಮೇ 7ರಂದು. ಅಂದು ರಾಜ್ಯದ 14 ಕ್ಷೇತ್ರಗಳಲ್ಲಿ ಮತದಾನ ನಡೆಯುತ್ತಿತ್ತು. ಹೆಸರು, ವಿಳಾಸ, ಖಾತೆ ಎಲ್ಲವೂ ಗೊತ್ತಿದ್ದ ಪ್ರಕರಣದಲ್ಲೇ ಮೂರು ದಿನ. ಮೂಲವೇ ಗೊತ್ತಿಲ್ಲದ ಸಂದೇಶದ ವಿಷಯದಲ್ಲಿ ಎಷ್ಟು ದಿನ ಎಂದು ಕೇಳುವುದೇ ವ್ಯರ್ಥ.

ಮತದಾನಕ್ಕೆ ಮುನ್ನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲಬೇಕೆಂದು ಕಾಯ್ದೆಯ 126ನೇ ಕಲಮು ಹೇಳುತ್ತದೆ. ಮೈಕು ಕಟ್ಟಿದ ಆಟೊಗಳು ಸುಮ್ಮನಾಗುತ್ತವೆ, ಹೊರಗಿನ ನಾಯಕರು ಕ್ಷೇತ್ರ ಬಿಡುತ್ತಾರೆ. ಮತದಾರನಿಗೆ ಯೋಚಿಸಲು ಎರಡು ದಿನ ಬಿಡುವು ಸಿಗಲಿ ಎಂಬುದು ಆಶಯ. ಹಣ, ಸೀರೆ, ಮದ್ಯ ಹಂಚುವ ಕೊನೆಯ ರಾತ್ರಿಯನ್ನು ನಮ್ಮ ಕಡೆ ‘ಕತ್ತಲ ರಾತ್ರಿ’ ಎನ್ನುವ ರೂಢಿಯಿದೆ. ಮೊಬೈಲ್ ಬಂದ ಮೇಲೆ ಆ 48 ಗಂಟೆಯೂ ಕತ್ತಲ ರಾತ್ರಿಯೇ. ಬಹಿರಂಗ ಪ್ರಚಾರ ನಿಂತಾಗ ಅಂತರಂಗದ ಪ್ರಚಾರ ಬಿರುಸಾಗುತ್ತದೆ. 2019ರ ಮಾರ್ಚ್‌ನಲ್ಲಿ ಸಾಮಾಜಿಕ ಜಾಲತಾಣ ಕಂಪನಿಗಳು ಸ್ವಯಂಪ್ರೇರಿತ ನೀತಿಸಂಹಿತೆಯೊಂದನ್ನು ಒಪ್ಪಿಕೊಂಡು, ಈ ಅವಧಿಯ ಉಲ್ಲಂಘನೆಗಳ ಬಗ್ಗೆ ಆಯೋಗ ತಿಳಿಸಿದರೆ ಮೂರು ಗಂಟೆಯೊಳಗೆ ಕ್ರಮ ಕೈಗೊಳ್ಳುವುದಾಗಿ ಹೇಳಿದವು. ಆ ಲೋಕಸಭಾ ಚುನಾವಣೆಯಲ್ಲಿ ಕ್ರಮ ಜರುಗಿದ್ದು 900ಕ್ಕೂ ಹೆಚ್ಚು ಪ್ರಕರಣಗಳಲ್ಲಿ. 90 ಕೋಟಿಯಷ್ಟು ಮತದಾರರಿದ್ದ ದೇಶದಲ್ಲಿ ಇದು ಸಾಸಿವೆಯಷ್ಟು ಎನ್ನಬಹುದು. ಅದಕ್ಕಿಂತ ಮುಖ್ಯವಾಗಿ, ಆಯೋಗಕ್ಕೆ ಕಂಡದ್ದರ ಮೇಲೆ ಮಾತ್ರ ಕ್ರಮ ಸಾಧ್ಯ. ಮುಚ್ಚಿದ ಗುಂಪಿನೊಳಗಿನದು ಕಾಣುವುದಿಲ್ಲ.

ಇದೇ ಕುರುಡು ಪತ್ರಿಕೆಗಳನ್ನೂ ಬಾಧಿಸುತ್ತಿದೆ. ಮೈದಾನದ ಸಭೆಯಲ್ಲಿ ವೇದಿಕೆಯ ಬದಿಗೆ ಪತ್ರಕರ್ತರಿಗೆಂದು ನಾಲ್ಕು ಕುರ್ಚಿ ಹಾಕಿರುತ್ತಾರೆ. ಭಾಷಣಕಾರ ಸುಳ್ಳು ಹೇಳಿದರೆ ಮರುದಿನ ಅದು ಅಚ್ಚಾಗುತ್ತದೆ, ಸಂಜೆಯ ಹೊತ್ತಿಗೆ ಎದುರಾಳಿಯ ಉತ್ತರ ಬರುತ್ತದೆ, ಅದರ ಮರುದಿನ ಅದೂ ಅಚ್ಚಾಗುತ್ತದೆ. ನಿಧಾನವಾದರೂ ಅದು ಒಂದು ಸಂವಾದ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪತ್ರಕರ್ತನಿಗೆ ಕುರ್ಚಿ ಇಲ್ಲ. ವರದಿಗಾರ ಕ್ಷೇತ್ರ ಸುತ್ತಿ, ನಾಯಕರ ಭಾಷಣ ಕೇಳಿ, ಜಾತಿ ಲೆಕ್ಕಾಚಾರ ಬರೆದು ಬಂದಾಗಲೂ, ಆ ಕ್ಷೇತ್ರದ ಜನ ಆ ವಾರ ನಿಜವಾಗಿ ಏನನ್ನು ಓದಿ ಏನನ್ನು ನಂಬುತ್ತಿದ್ದರು ಎಂಬುದು ಅವನ ಕೈಗೆ ಸಿಕ್ಕಿರುವುದಿಲ್ಲ. ಸತ್ಯಶೋಧನೆ ಮಾಡುವ ತಾಣಗಳು ಹುಟ್ಟಿಕೊಂಡಿವೆ, ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ರೋಗಿ ತಾನಾಗಿ ಬಂದು ಬಾಗಿಲು ತಟ್ಟಿದರೆ ಮಾತ್ರ ವೈದ್ಯ ಮದ್ದು ಕೊಡಬಲ್ಲ.

ಹಾಗೆಂದು ಪತ್ರಿಕೆಗಳು ಕಳೆದುಹೋದ ಸ್ವರ್ಗದ ದೇವತೆಗಳಂತೆ ಮಾತನಾಡುವುದು ತರವಲ್ಲ. 2009ರ ಚುನಾವಣೆಗಳಲ್ಲಿ ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಮಾರಿದ್ದು ಮುದ್ರಣ ಮಾಧ್ಯಮವೇ. ಆ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ಬರೆದ ವಿಸ್ತೃತ ವರದಿಯನ್ನು 2010ರಲ್ಲಿ ಮಂಡಳಿಯೇ ಪ್ರಕಟಿಸದೆ ಸಂಕ್ಷಿಪ್ತ ರೂಪಕ್ಕೆ ತೃಪ್ತಿಪಟ್ಟಿತು. ಅಂಥ ಕಾಸಿನ ಸುದ್ದಿಯ ವೆಚ್ಚ ತೋರಿಸದ ಕಾರಣಕ್ಕೆ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು 2011ರಲ್ಲಿ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಕೊಟ್ಟವರಿಗೆ ಶಿಕ್ಷೆಯಾಯಿತು, ತೆಗೆದುಕೊಂಡವರು ಮರುದಿನವೂ ಪ್ರಕಟವಾದರು. ಜನ ಮೊಬೈಲ್‌ಗೆ ತಿರುಗಿಕೊಂಡದ್ದಕ್ಕೆ ಕಾರಣಗಳನ್ನು ಹುಡುಕುವಾಗ ಈ ಅಧ್ಯಾಯವನ್ನು ಬಿಟ್ಟು ಓದಲಾಗದು. ಆದರೂ ಒಂದು ವ್ಯತ್ಯಾಸವಿದೆ. ಯಾವ ದಿನ, ಯಾವ ಪುಟ, ಯಾವ ಪತ್ರಿಕೆ ಎಂದು ತೋರಿಸಲು ಸಾಧ್ಯವಿದ್ದುದರಿಂದಲೇ ಆ ಹಗರಣ ಬಯಲಾಯಿತು.

ಹಣದ ವಿಷಯಕ್ಕೆ ಬಂದರೆ ಕಥೆ ಇನ್ನೂ ಸ್ವಾರಸ್ಯಕರ. ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿ 95 ಲಕ್ಷ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲವೆಂದು 2022ರಲ್ಲಿ ಮಿತಿ ನಿಗದಿಯಾಯಿತು. ಪಕ್ಷಕ್ಕೆ ಅಂಥ ಮಿತಿಯೇ ಇಲ್ಲ. ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಸಂಸತ್ತು ಕಾಯ್ದೆಯನ್ನೇ ತಿದ್ದಿ ಆ ತೀರ್ಪನ್ನು ನಿಷ್ಫಲಗೊಳಿಸಿತು. 2013ರ ಅಕ್ಟೋಬರ್‌ನಲ್ಲಿ ಆಯೋಗ ಹೊರಡಿಸಿದ ಸೂಚನೆ ಕಾಗದದ ಮೇಲೆ ಸೊಗಸಾಗಿದೆ: ಅಂತರ್ಜಾಲ ಕಂಪನಿಗಳಿಗೆ ಕೊಟ್ಟ ಹಣ, ಪ್ರಚಾರ ಸಾಮಗ್ರಿ ತಯಾರಿಕೆಯ ವೆಚ್ಚ, ಸಾಮಾಜಿಕ ಜಾಲತಾಣದ ಖಾತೆ ನೋಡಿಕೊಳ್ಳುವ ತಂಡದ ಸಂಬಳ, ಎಲ್ಲವೂ ಚುನಾವಣಾ ವೆಚ್ಚವೇ. ಅಭ್ಯರ್ಥಿ ತನ್ನ ಅಧಿಕೃತ ಖಾತೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಆದರೆ ಅಭಿಮಾನಿಗಳ ಹೆಸರಿನ ಪುಟ, ಹಿತೈಷಿಗಳ ಹೆಸರಿನ ಖಾತೆ, ‘ಸ್ವಯಂಸೇವಕರು’ ನಡೆಸುವ ಸಾವಿರಾರು ಗುಂಪು ಯಾವ ಪ್ರಮಾಣಪತ್ರದಲ್ಲೂ ಬರುವುದಿಲ್ಲ.

ಇದರ ತುತ್ತತುದಿಯನ್ನು ರೊಮೇನಿಯಾ ಕಂಡಿತು. 2024ರ ನವೆಂಬರ್ 24ರಂದು ಅಲ್ಲಿನ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಯಾರೂ ನಿರೀಕ್ಷಿಸದ ಕಲಿನ್ ಜಾರ್ಜೆಸ್ಕು ಮೊದಲ ಸ್ಥಾನಕ್ಕೆ ಬಂದರು. ಅವರ ಪ್ರಚಾರ ನಡೆದದ್ದು ಬಹುಪಾಲು ಟಿಕ್‌ಟಾಕ್‌ನಲ್ಲಿ. ಅವರು ಘೋಷಿಸಿದ ಚುನಾವಣಾ ವೆಚ್ಚ ಸೊನ್ನೆ. ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದುಪಡಿಸಿತು. ಮತ್ತೆ ಮತದಾನವಾದದ್ದು 2025ರ ಮೇ ತಿಂಗಳಲ್ಲಿ. ಮತದಾರ ಹಾಕಿದ ಮತವನ್ನು ನ್ಯಾಯಾಲಯ ಅಳಿಸಿಹಾಕುವುದು ರೋಗಕ್ಕಿಂತ ಘೋರವಾದ ಚಿಕಿತ್ಸೆ ಎಂದೇ ನನ್ನ ಅಭಿಪ್ರಾಯ. ಪ್ರಚಾರದ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಫಲಿತಾಂಶದ ನಂತರ ಕೇಳಿದರೆ ಇಂಥ ಅನಾಹುತವೇ ಗತಿ.

ಹೆಸರು-ವಿಳಾಸ ಕಡ್ಡಾಯವಾಗಲಿ ಎನ್ನುವ ವಾದಕ್ಕೆ ಗಂಭೀರ ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಾರತದಲ್ಲಿ ಮುದ್ರಕನ ಹೆಸರು ಹಾಕಬೇಕೆಂಬ ನಿಯಮ ಭದ್ರವಾದದ್ದು 1867ರ ಪತ್ರಿಕಾ ಕಾಯ್ದೆಯಿಂದ. ಅದನ್ನು ಮಾಡಿದ್ದು ಪರಕೀಯ ಸರ್ಕಾರ, ಅಚ್ಚುಕೂಟಗಳ ಮೇಲೆ ಒಂದು ಕಣ್ಣಿಡಲು. ಇನ್ನು ಅಮೆರಿಕದ ಸುಪ್ರೀಂ ಕೋರ್ಟ್ 1995ರಲ್ಲಿ ಓಹಾಯೋ ರಾಜ್ಯದ ಇಂಥದೇ ಕರಪತ್ರ ಕಾನೂನನ್ನು ಅನೂರ್ಜಿತಗೊಳಿಸಿತು. ಶಾಲಾ ತೆರಿಗೆಯ ವಿರುದ್ಧ ಹೆಸರಿಲ್ಲದ ಕರಪತ್ರ ಹಂಚಿ ದಂಡ ತೆತ್ತಿದ್ದ ಮಾರ್ಗರೆಟ್ ಮೆಕಿಂಟೈರ್ ಎಂಬ ಮಹಿಳೆಯ ಮೊಕದ್ದಮೆ ಅದು. ಬಲಾಢ್ಯರ ಸೇಡಿಗೆ ಹೆದರುವ ದುರ್ಬಲನಿಗೆ ಅನಾಮಧೇಯತೆಯೇ ಗುರಾಣಿ ಎಂಬುದು ನ್ಯಾಯಾಲಯದ ತರ್ಕ. ನಮ್ಮಲ್ಲಿ 66ಎ ಕಲಮಿನ ಅಡಿಯಲ್ಲಿ ಫೇಸ್‌ಬುಕ್ ಬರಹಕ್ಕಾಗಿ ಜನರನ್ನು ಬಂಧಿಸಿದ್ದನ್ನು, 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಬೇಕಾಗಿ ಬಂದದ್ದನ್ನು ನೋಡಿದವರಿಗೆ ಈ ತರ್ಕ ಅರ್ಥವಾಗಲು ಕಷ್ಟವಿಲ್ಲ.

ಆದರೆ ನಮ್ಮ ಸರ್ಕಾರ ಹಿಡಿದಿರುವುದು ಈ ಆತಂಕವನ್ನು ಹೆಚ್ಚಿಸುವ ದಾರಿಯನ್ನೇ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಸಂದೇಶವೊಂದರ ಮೊದಲ ಕಳುಹಿಸಿದಾತನನ್ನು ಪತ್ತೆಹಚ್ಚಿ ಕೊಡಬೇಕೆಂದು ವಾಟ್ಸ್‌ಆ್ಯಪ್‌ನಂಥ ಸೇವೆಗಳಿಗೆ ವಿಧಿಸಿದವು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಗೂಢಲಿಪಿಯನ್ನು ಮುರಿಯಲೇಬೇಕಾದರೆ ದೇಶ ಬಿಡಬೇಕಾಗುತ್ತದೆ ಎಂದು 2024ರಲ್ಲಿ ನ್ಯಾಯಾಲಯಕ್ಕೆ ಹೇಳಿತು. ಕೋಟ್ಯಂತರ ಜನರ ಖಾಸಗಿ ಮಾತನ್ನೆಲ್ಲ ಪತ್ತೆಗೆ ಒಡ್ಡುವ ಈ ವಿಧಾನ ಬಲೆಯನ್ನು ತಪ್ಪು ಕಡೆಗೆ ಬೀಸುತ್ತದೆ. ಅದರಲ್ಲಿ ಸಿಕ್ಕಿಬೀಳುವವನು ಸಿಟ್ಟಿನಿಂದ ಎರಡು ಸಾಲು ಬರೆದ ಉಪನ್ಯಾಸಕ ಅಥವಾ ರೈತ. ಸಂಬಳ ಕೊಟ್ಟು ಸಂದೇಶ ತಯಾರಿಸಿದವರು ಒಂದು ಸಿಮ್ ಕಾರ್ಡ್ ಬಿಸಾಡಿ ಮುಂದೆ ಹೋಗುತ್ತಾರೆ.

ಹೆಸರು ಕೇಳಬೇಕಾದದ್ದು ಹಂಚಿದವನಿಂದಲ್ಲ, ಖರ್ಚು ಮಾಡಿದವನಿಂದ. ಬ್ರಿಟನ್ ಈ ವ್ಯತ್ಯಾಸವನ್ನು ಕಾನೂನಿನಲ್ಲೇ ತಂದಿದೆ. 2022ರ ಚುನಾವಣಾ ಕಾಯ್ದೆಯ ಪ್ರಕಾರ 2023ರ ನವೆಂಬರ್ 1ರಿಂದ ಅಲ್ಲಿ ಡಿಜಿಟಲ್ ಪ್ರಚಾರ ಸಾಮಗ್ರಿಗೂ ಕರಪತ್ರದ ಬುಡದ ಸಾಲು ಕಡ್ಡಾಯ. ಹಣ ಕೊಟ್ಟು ಹಾಕಿಸಿದ ರಾಜಕೀಯ ಜಾಹೀರಾತು ಯಾರದೇ ಆಗಿರಲಿ ಹೆಸರು, ವಿಳಾಸ ಇರಬೇಕು. ಹಣ ಕೊಡದೆ ಹಾಕಿದ ಸಾಮಗ್ರಿಯಾದರೆ ಪಕ್ಷ, ಅಭ್ಯರ್ಥಿ, ನೋಂದಾಯಿತ ಪ್ರಚಾರಕರು ಮುಂತಾದವರಿಗೆ ಮಾತ್ರ ನಿಯಮ ಅನ್ವಯ. ತನ್ನ ಅಭಿಪ್ರಾಯ ಹೇಳುವ ಸಾಮಾನ್ಯ ನಾಗರಿಕ ಇದರ ಹೊರಗೆ. ಜಾರಿಯಲ್ಲಿ ತೊಡಕುಗಳಿರಬಹುದು, ತತ್ವ ಮಾತ್ರ ಸ್ಪಷ್ಟ. ನಮ್ಮ 127ಎ ಕಲಮಿನ ವಿವರಣೆಯನ್ನು ಇದೇ ಅರ್ಥದಲ್ಲಿ ವಿಸ್ತರಿಸಲು ಒಂದು ಸಣ್ಣ ತಿದ್ದುಪಡಿ ಸಾಕು. ಸಂಸತ್ತಿನಲ್ಲಿ ಅದನ್ನು ಮಂಡಿಸಲು ಯಾವ ಪಕ್ಷಕ್ಕೂ ಅವಸರವಿಲ್ಲ ಎಂಬುದು ಬೇರೆ ಮಾತು. ಅಧಿಕಾರದಲ್ಲಿರುವವರಿಗೂ ಇಲ್ಲದವರಿಗೂ ಈ ಮಬ್ಬು ಸಮಾನವಾಗಿ ಹಿತಕರ.

ಚುನಾವಣಾ ಆಯೋಗ ಅಲ್ಲೊಂದು ಇಲ್ಲೊಂದು ಹೆಜ್ಜೆ ಇಟ್ಟಿದೆ. 2024ರ ಏಪ್ರಿಲ್‌ನಲ್ಲಿ, ರಸ್ತೆಬದಿಯ ಹೋರ್ಡಿಂಗ್‌ಗಳ ಮೇಲೂ ಮುದ್ರಕ ಮತ್ತು ಪ್ರಕಾಶಕರ ಗುರುತು ಇರಬೇಕೆಂದು ಸೂಚಿಸಿತು. 2025ರ ಅಕ್ಟೋಬರ್‌ನಲ್ಲಿ, ಬಿಹಾರ ಚುನಾವಣೆಯ ಹೊತ್ತಿಗೆ, ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಪ್ರಚಾರ ಚಿತ್ರಗಳ ಕನಿಷ್ಠ ಶೇ 10ರಷ್ಟು ಜಾಗದಲ್ಲಿ ಆ ವಿಷಯವನ್ನು ನಮೂದಿಸಬೇಕು, ತಯಾರಿಸಿದವರ ಹೆಸರನ್ನೂ ತಿಳಿಸಬೇಕು ಎಂದು ಪಕ್ಷಗಳಿಗೆ ಹೇಳಿತು. ಯಂತ್ರದ ಬುದ್ಧಿಯಿಂದ ಹುಟ್ಟಿದ ಚಿತ್ರಕ್ಕೆ ತಂದೆಯ ಹೆಸರು ಬೇಕು, ಮನುಷ್ಯನ ಬುದ್ಧಿಯಿಂದ ಹುಟ್ಟಿದ ಸುಳ್ಳಿಗೆ ಬೇಡ ಎಂಬ ವಿಚಿತ್ರ ಸ್ಥಿತಿ ಇದು. ಹಣ ಕೊಟ್ಟು ಹಾಕುವ ಜಾಹೀರಾತಿಗೆ ಪೂರ್ವಾನುಮತಿ ಬೇಕು. ಪಕ್ಷವೇ ತನ್ನ ಖಾತೆಯಲ್ಲಿ ಹಾಕುವ ಸಂದೇಶಕ್ಕೆ, ವಿಡಿಯೊಗೆ ಬೇಡ ಎಂಬ ವಿಂಗಡಣೆಯೂ ಹಾಗೆಯೇ.

ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಫಲಿತಾಂಶ ಬಂದ 30 ದಿನಗಳೊಳಗೆ ಪ್ರತಿ ಅಭ್ಯರ್ಥಿಯೂ ತನ್ನ ವೆಚ್ಚದ ಲೆಕ್ಕ ಸಲ್ಲಿಸಬೇಕು. ಪಕ್ಷಗಳು ವಿಧಾನಸಭಾ ಚುನಾವಣೆಯಾದರೆ 75 ದಿನ, ಲೋಕಸಭೆಯಾದರೆ 90 ದಿನಗಳಲ್ಲಿ ಕೊಡಬೇಕು. ಇನ್ನೊಂದು ಕಡೆ, ಫೇಸ್‌ಬುಕ್ ಮತ್ತು ಗೂಗಲ್ 2019ರಿಂದ ಭಾರತದ ರಾಜಕೀಯ ಜಾಹೀರಾತುಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿವೆ. ಯಾವ ಪುಟ, ಯಾರು ಹಣ ಕೊಟ್ಟರು, ಸುಮಾರು ಎಷ್ಟು ಎಂಬುದು ಅದರಲ್ಲಿದೆ. ಒಂದು ಕ್ಷೇತ್ರದ ಅಭ್ಯರ್ಥಿಗಳ ಲೆಕ್ಕಪತ್ರದಲ್ಲಿ ಸಾಮಾಜಿಕ ಜಾಲತಾಣದ ಬಾಬ್ತು ಎಷ್ಟಿದೆ, ಅದೇ ಅಭ್ಯರ್ಥಿಯ ಗುಣಗಾನ ಮಾಡಿದ ಅಥವಾ ಎದುರಾಳಿಯನ್ನು ಬೈದ ಪುಟಗಳು ಆ ತಿಂಗಳು ಎಷ್ಟು ಸುರಿದವು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಲು ಪತ್ರಿಕೆಯೊಂದಕ್ಕೆ ಇಬ್ಬರು ವರದಿಗಾರರು, ಎರಡು ವಾರ ಸಾಕು. ರಾಜ್ಯದ ಮುಂದಿನ ವಿಧಾನಸಭಾ ಚುನಾವಣೆ ನಡೆಯಬೇಕಾದದ್ದು 2028ರಲ್ಲಿ. 2023ರ ಮತ್ತು 2024ರ ಲೆಕ್ಕಪತ್ರಗಳು ಈಗಾಗಲೇ ಕಡತದಲ್ಲಿವೆ.